ಉಸಿರು ಕಟ್ಟಿದ ಮಾಳಿಗೆ

“ಎಲ್ಲಾರೂ ಹೊರಗ ಬರ್ರಿ, ಒಲಿ ಹಂಗೇ ಬಿಡ್ರಿ!” ಎಂದು ಗೌಂಡಿ ಮೌಲಾಸಾಬರು ಕೂಗಿದಾಗ ನಾನು ಕಮಲಾಪುರದ ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಪಡಸಾಲೆಯ ಬಾಗಿಲು ಮುಚ್ಚಲು ಬರುತ್ತಿಲ್ಲವೆಂದು ನೋಡಲು ಬಂದವರು, ಬಾಗಿಲು ಬಿಟ್ಟು ಮೇಲಿನ ತೊಲೆಯನ್ನು ಬಡಿದು ನೋಡುತ್ತಿದ್ದರು. ಅಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ಮಕ್ಕಳನ್ನು ಎಳೆದುಕೊಂಡು ಅಂಗಳಕ್ಕೆ ಬಂದಳು.

ತೊಲೆಗೆ ಕಂಬದ ಆಸರೆ ಕೊಟ್ಟು ಮೌಲಾಸಾಬರು ಮಣ್ಣಿನ ಮಾಳಿಗೆ ಹತ್ತಿ ಅದರ ಮೇಲೆ ಹಾಕಿದ್ದ ಸಿಮೆಂಟು ಒಡೆದರು. ಎಂಟು ದಿನದಿಂದ ಮಳೆ ಇಲ್ಲದಿದ್ದರೂ ಕೆಳಗಿನ ಮಣ್ಣು ನಾದಿದ ಹಿಟ್ಟಿನಂತಿತ್ತು.

“ಮಣ್ಣು ನೀರು ಕುಡೀತದ, ಬಿಸಲಿಗಿ ಬಿಡ್ತದ. ಇದರ ಬಾಯಿ ಮುಚ್ಚಿದವರು ಯಾರ್ರೀ?”

ನಾನೇ. ಮಳೆಗೆ ಸೋರದಿರಲೆಂದು ಪ್ರತಿ ಬೇಸಿಗೆ ಹಳ್ಳದ ದಂಡೆಯ ಚೌಳು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಮಾಳಿಗೆಗೆ ಹರಡುತ್ತಿದ್ದ ಅಕ್ಕನ ಮೊಣಕಾಲು ನೋವು ನೋಡಲಾರದೆ, ಹಿಂದಿನ ವರ್ಷ ಕಲಬುರಗಿಯಿಂದ ಕೆಲಸದವರನ್ನು ಕರೆತಂದು ಆ ಮಣ್ಣಿನ ಮೇಲೆಯೇ ಸಿಮೆಂಟು ಹಾಕಿಸಿದ್ದೆ.

“ತೊಲಿ ಸಪ್ಪಳ ಮಾಡೂದು ನನಗ ಗೊತ್ತಿತ್ತು ತಂಗಿ,” ಎಂದಳು ಅಕ್ಕ. “ನೀ ಜೀವ ಹಚ್ಚಿ ಮಾಡಿಸಿದ್ದಿ, ಹ್ಯಾಂಗ ಹೇಳ್ಲಿ? ಹುಡುಗರ ಹಾಸಿಗಿ ಅಷ್ಟ ತೊಲಿ ಕೆಳಗಿಂದ ಆ ಕಡಿ ಸರಿಸಿದ್ದೆ.”

ಸಿಮೆಂಟು ಕಿತ್ತಾಯಿತು, ಈ ಬೇಸಿಗೆ ಮಣ್ಣಿನ ಬುಟ್ಟಿ ಹೊತ್ತವಳು ನಾನು. ಆದರೂ ನಾನಿರುವ ಕಲಬುರಗಿಯ ಜಗತ್ ಸರ್ಕಲ್ ಮೇಲೆ ಮೋಡ ಕಂಡರೆ ಸಾಕು, ಅಕ್ಕನಿಗೆ ಫೋನ್ ಮಾಡುತ್ತೇನೆ. ಮಾಳಿಗೆ ಹೇಗಿದೆ ಎಂದರೆ ಚೆನ್ನಾಗಿದೆ ಎಂದೇ ಹೇಳುತ್ತಾಳೆ. ಅದಕ್ಕೇ ಬೇರೆಯದನ್ನು ಕೇಳುತ್ತೇನೆ: “ಹುಡುಗರ ಹಾಸಿಗಿ ಯಾವ ಕಡಿ ಅದ, ಅಕ್ಕಾ?”