ಕಾಲೇಜು ಮುಗಿಯೋವರ್ಗೂ ಮಾತ್ರ

ಡಿಗ್ರಿಯ ಎರಡನೇ ವರ್ಷದಲ್ಲಿ ನಮ್ಮ ತರಗತಿಯ ಜೋಡಿಗಳು ಬದಲಾಗುತ್ತಿದ್ದ ವೇಗ ನೋಡಿ ನನಗೆ ಗಾಬರಿಯಾಗುತ್ತಿತ್ತು. ದಸರಾ ರಜೆಗೆ ಮುಂಚೆ ಒಬ್ಬನ ಬೈಕಿನಲ್ಲಿ ಕೋಟೆ ನೋಡಲು ಹೋದವಳು ರಜೆ ಮುಗಿಸಿ ಬಂದಮೇಲೆ ಇನ್ನೊಬ್ಬನ ಜೊತೆ ಕ್ಯಾಂಟೀನಿನಲ್ಲಿ ಕೂತಿರುತ್ತಿದ್ದಳು. ಹಳಬನೂ ಅದೇ ಟೇಬಲ್ಲಿಗೆ ಬಂದು ಅವರ ಪಫ್ಸಿನಲ್ಲಿ ಪಾಲು ಕೇಳುತ್ತಿದ್ದ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಕೇಳಿದರೆ, "ಟೈಮ್‌ಪಾಸ್ ಕಣೋ" ಎಂದು ನಗುತ್ತಿದ್ದರು.

ನಾನು ಕುಂದೂರು ಕಡೆಯ ಹಳ್ಳಿಯವನು. ಬೆಳಿಗ್ಗೆ ಆಲೂರಿಗೆ ಬಂದು, ಅಲ್ಲಿಂದ ಬಸ್ಸು ಹತ್ತಿ ಸಕಲೇಶಪುರದ ಕಾಲೇಜಿಗೆ ಹೋಗುತ್ತಿದ್ದೆ. ಒಂದು ಹುಡುಗಿಯನ್ನು ಇಷ್ಟಪಡುವುದೆಂದರೆ ಅವಳನ್ನು ಮದುವೆಯಾಗುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು. ಬೇರೆ ಅರ್ಥವೂ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಇಷ್ಟಪಟ್ಟವಳು ನಮ್ಮ ತರಗತಿಯಲ್ಲೇ ಇದ್ದ ಹೆತ್ತೂರು ಕಡೆಯ ಹುಡುಗಿ. ಅವರಪ್ಪನಿಗೆ ಕಾಫಿ ತೋಟವಿತ್ತು. ಮಳೆಗಾಲದಲ್ಲಿ ಅಲ್ಲಿಂದ ದಿನಾ ಓಡಾಡಲಾಗದೆಂದು ಸಕಲೇಶಪುರದ ಚಿಕ್ಕಮ್ಮನ ಮನೆಯಲ್ಲಿ ಇದ್ದಳು. ಮೊದಲು ಮಾತಾಡಿಸಿದವಳು ಅವಳೇ. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಬಂದು ನನ್ನ ಬೆಂಚಿನಲ್ಲಿ ಕೂತಳು. "ನೀನು ತಲೆ ತಿನ್ನಲ್ಲ. ಅದಕ್ಕೇ ನಿನ್ ಪಕ್ಕ ಕೂರೋದು" ಎಂದಳು. ಅಲ್ಲಿಂದ ಶುರು. ಕ್ಲಾಸು ಬಿಟ್ಟಮೇಲೆ ಹೇಮಾವತಿ ಸೇತುವೆವರೆಗೂ ನಡೆಯುತ್ತಿದ್ದೆವು. ನನ್ನ ಬಸ್ಸು ಬರುವ ತನಕ ಅವಳು ನಿಲ್ದಾಣದಲ್ಲಿ ಕಡಲೆಕಾಯಿ ತಿನ್ನುತ್ತಾ ನಿಂತಿರುತ್ತಿದ್ದಳು.

ಮಳೆ ಬಿಟ್ಟಿದ್ದ ಒಂದು ಸಂಜೆ ಸೇತುವೆಯ ಮೇಲೆ ಕೇಳಿಯೇ ಬಿಟ್ಟೆ, ನನ್ನನ್ನು ಮದುವೆಯಾಗ್ತೀಯಾ ಎಂದು. ಅವಳು ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು.

"ಅದನ್ನ ಕೇಳ್ಬೇಡ ಮಾರಾಯ. ಕಾಲೇಜು ಮುಗಿಯೋವರ್ಗೂ ಖುಷಿಯಾಗಿರಣ. ಆಮೇಲೆ ನಮ್ಮಪ್ಪ ಯಾರನ್ನ ತೋರಿಸ್ತಾರೋ ಅವ್ರನ್ನ ಆಗ್ತೀನಿ. ಅದು ನಂಗೆ ಮೊದ್ಲಿಂದ್ಲೂ ಗೊತ್ತು."

"ಮತ್ತೆ ನಾನು?"

"ನೀನು ಇವಾಗ ಇದೀಯಲ್ಲ."

ನನಗೆ ಇದರಲ್ಲಿ ಸಂತೋಷಪಡುವುದು ಯಾವುದು, ದುಃಖಪಡುವುದು ಯಾವುದು ಎಂದು ತಿಳಿಯಲಿಲ್ಲ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಮಗ ನನ್ನ ಗೆಳೆಯ. ಮಂಗಳೂರು ಕಡೆಯಿಂದ ಬಂದ ಕ್ಯಾಥೊಲಿಕ್ ಮನೆತನದವನು. ಅವನ ಹತ್ತಿರ ಹೇಳಿಕೊಂಡೆ. ಅವನಿಗೆ ನನ್ನ ಕಷ್ಟವೇ ಅರ್ಥವಾಗಲಿಲ್ಲ. "ಅವ್ಳೇ ಮದ್ವೆ ಬೇಡ ಅಂತಾಳೆ ಅಂದ್ರೆ ಎಷ್ಟು ಆರಾಮು ಮಾರಾಯ! ನಿಂಗೆ ಅಳೋಕೆ ಏನೈತೆ?" ಎಂದ.

ಆ ವರ್ಷದ ಕೊನೆಗೆ ಅವ್ವನಿಗೆ ಮಂಡಿನೋವು ಹೆಚ್ಚಾಗಿ ಸಕಲೇಶಪುರದ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಹೇಗೋ ತಿಳಿದುಕೊಂಡು ಅವಳೂ ಕ್ಲಾಸು ಬಿಟ್ಟು ಬಂದಳು. ಅವ್ವನ ಚೀಲ ಹಿಡಿದುಕೊಂಡಳು, ಬೆಂಚಿನಲ್ಲಿ ಜಾಗ ಮಾಡಿಸಿದಳು, ನರ್ಸು ಕೂಗಿದ ಕೂಡಲೇ ತೋಳು ಹಿಡಿದು ಒಳಗೆ ಕರೆದೊಯ್ದಳು. ನಾನು ಸುಮ್ಮನೆ ಹಿಂದೆ ನಡೆದೆ. ಆಮೇಲೆ ಮೂವರೂ ಹೋಟೆಲಿನಲ್ಲಿ ಕೂತೆವು. ಇಡ್ಲಿ ಬರುವ ಮುಂಚೆಯೇ ಅವ್ವ ಅವಳ ಕೈ ಹಿಡಿದುಕೊಂಡಳು.

"ಏನವ್ವಾ, ನನ್ ಮಗ ನಿನ್ ಮ್ಯಾಲೆ ಮನ್ಸಿಟ್ಟವ್ನೆ. ಬಾಯ್ ಬಿಟ್ಟು ಹೇಳದಿದ್ರೂ ನಂಗೆ ಗೊತ್ತಾಯ್ತದೆ. ನಿಂಗೂ ಹಂಗೇ ಐತಾ?"

ನನಗೆ ಎದ್ದು ಹೋಗಬೇಕೆನಿಸಿತು.

"ಇಷ್ಟ ಐತಮ್ಮಾ. ಆದ್ರೆ ಮದ್ವೆ ಆಗಲ್ಲ" ಎಂದಳು ಅವಳು. ಮೆಲ್ಲಗೆ, ಅವ್ವನ ಮುಖ ನೋಡಿಕೊಂಡೇ. "ನಮ್ಮನೇಲಿ ಒಪ್ಪಲ್ಲ. ಅವ್ರನ್ನ ಎದುರು ಹಾಕ್ಕೊಳೋ ಧೈರ್ಯ ನಂಗಿಲ್ಲ. ಇವ್ನಿಗೂ ಹೇಳಿದೀನಿ."

ಅಷ್ಟರಲ್ಲಿ ಬಂದ ಇಡ್ಲಿ ತಟ್ಟೆಯನ್ನು ಅವ್ವ ಅವಳತ್ತ ಸರಿಸಿದಳು. "ಆಯ್ತು ಬುಡವ್ವ. ತಿನ್ನು, ಆರೋಯ್ತದೆ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಹೇಳಿದ್ದು ಇಷ್ಟೇ: "ಒಳ್ಳೇ ಹುಡ್ಗಿ ಕಣೋ. ಸುಳ್ಳು ಹೇಳ್ಲಿಲ್ಲ." ಸುಳ್ಳು ಹೇಳಿದ್ದರೆ ಅವಳನ್ನು ದೂರಬಹುದಿತ್ತು. ಈಗ ಅದಕ್ಕೂ ದಾರಿಯಿರಲಿಲ್ಲ.

ಮರುದಿನ ಅವಳು ಎಂದಿನಂತೆ ಡಬ್ಬಿ ತಂದು ನನ್ನ ಪಕ್ಕ ಕೂತಳು. ಏಳು, ಬೇರೆ ಕಡೆ ಕೂರು ಎನ್ನಬೇಕೆಂದು ಬಸ್ಸಿನಲ್ಲಿ ಬರುವಾಗಲೇ ತೀರ್ಮಾನಿಸಿಕೊಂಡಿದ್ದೆ. ಅವಳು ಡಬ್ಬಿಯ ಮುಚ್ಚಳದಲ್ಲಿ ಕಡುಬು ಹಾಕಿ ನನ್ನತ್ತ ತಳ್ಳಿದಳು. ತಿಂದೆ. ಹಾಗೇ ಇನ್ನೊಂದು ವರ್ಷ ಕಳೆಯಿತು. ಮದುವೆಯ ಮಾತನ್ನು ಮತ್ತೆ ಎತ್ತಲಿಲ್ಲ, ಎತ್ತಿದರೆ ಇಷ್ಟೂ ಹೋಗುತ್ತದೆ ಎಂಬ ಭಯಕ್ಕೆ. ಮನೆಯಲ್ಲಿ ಅವ್ವ ಮಾತ್ರ ಆಗಾಗ ಕೇಳುತ್ತಿದ್ದಳು, "ಆ ಹುಡ್ಗಿ ಹೆಂಗವ್ಳೆ?" ಎಂದು.

ಕೊನೆಯ ವರ್ಷ ಪರೀಕ್ಷೆ ಹತ್ತಿರ ಬಂದಾಗ ಅವಳು ಬಸ್ ನಿಲ್ದಾಣದಲ್ಲಿ ಹೇಳಿದಳು. ಮೂಡಿಗೆರೆ ಕಡೆಯವರು ಬಂದು ನೋಡಿಕೊಂಡು ಹೋಗಿದ್ದಾರೆ, ಒಪ್ಪಿಗೆಯಾಗಿದೆ. "ಇನ್ಮೇಲೆ ಜೊತೇಲಿ ಓಡಾಡೋದು ಬೇಡ. ಬೇಜಾರಾಗ್ಬೇಡ, ಹಾಂ?"

"ಇಲ್ಲ" ಎಂದೆ. ಅವಳು ಮುರಿದ ಮಾತು ಯಾವುದೂ ಇರಲಿಲ್ಲ. ಅವಳ ಕಣ್ಣು ತುಂಬಿತ್ತು, ಅದನ್ನು ಕಂಡು ನನಗೆ ದಿಕ್ಕೇ ತೋಚದಂತಾಯಿತು. ಆಲೂರಿನ ಬಸ್ಸು ಬಂತು, ಹತ್ತಿದೆ. ಮರುದಿನ ಕ್ಯಾಂಟೀನಿನಲ್ಲಿ ಹುಡುಗರು ನೀನು ಬಚಾವಾದೆ, ಪಾರ್ಟಿ ಕೊಡಿಸು ಎಂದು ಬೆನ್ನು ತಟ್ಟಿದರು. ನಾನೂ ನಕ್ಕೆ.

ಮನೆಯಲ್ಲಿ ಹೇಳಿದಾಗ ಅವ್ವ ಕಿತ್ತು ತಂದ ಶುಂಠಿಯ ಮಣ್ಣು ಕೊಡವುತ್ತಿದ್ದಳು. "ಒಳ್ಳೇದಾಗ್ಲಿ ಬುಡು" ಎಂದವಳು, ಸ್ವಲ್ಪ ಹೊತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅವತ್ತೇ ಆಗಲ್ಲ ಅಂದಿದ್ಲಲ್ಲವ್ವ" ಎಂದೆ.

"ಅಂದಿದ್ಲು. ಆದ್ರೂ ನಂಗೆ ಆಸೆ ಇತ್ತು ಕಣೋ."

ಪಕ್ಕದಲ್ಲಿ ಕೂತೆ. ಒಂದು ಗೆಡ್ಡೆ ತೆಗೆದುಕೊಂಡು ನಾನೂ ಮಣ್ಣು ಕೊಡವತೊಡಗಿದೆ. ಹೊರಗಿನಿಂದ ಅಪ್ಪ ಶುಂಠಿಯ ಚೀಲ ಹಿಡಿಯಲು ಬರುವಂತೆ ಕೂಗಿದ. ಇಬ್ಬರೂ ಎದ್ದು ಹೋದೆವು.