ಪೂರ್ವಕ್ಕೆ ಬಾಗಿಲಿಟ್ಟ ಚರ್ಚು

ಬಿಳಿ ಅಂಟು ಒಣಗುವಾಗ ಬರುವ ಹುಳಿ ಹುಳಿ ವಾಸನೆ ನಿಮಗೂ ಗೊತ್ತಿರುತ್ತದೆ. ಯಾರ ಮನೆಯಲ್ಲಾದರೂ ಮಕ್ಕಳು ಶಾಲೆಯ ಪ್ರಾಜೆಕ್ಟ್ ಅಂಟಿಸುತ್ತಿದ್ದರೆ ನನಗೆ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ. ಆ ವಾಸನೆಯಲ್ಲಿ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಮೂರನೇ ಮಹಡಿಯ ಮನೆಯಿದೆ, ಏಸಿಯ ಗುರ್ರೆನ್ನುವ ಸದ್ದಿದೆ, ಅಂಗಿಯ ತೋಳು ಮಡಚಿಕೊಂಡ ಅಪ್ಪ ಇದ್ದಾರೆ. ಉಡುಪಿ ಕಡೆಯ ಅಪ್ಪ ಅಲ್ಲೊಂದು ಕಂಪೆನಿಯಲ್ಲಿ ಕಟ್ಟಡಗಳ ಮಾಡೆಲ್ ಮಾಡುತ್ತಿದ್ದರು. ಮುಂದೆ ಮುಗಿಲೆತ್ತರ ಏಳಲಿದ್ದ ಗೋಪುರಗಳು ಮೊದಲು ಅವರ ಕೈಯಲ್ಲಿ ಗೇಣುದ್ದ ಏಳುತ್ತಿದ್ದವು. ಕೂದಲೆಳೆಯಷ್ಟು ತಪ್ಪಿದರೂ ಕಿತ್ತು ಹೊಸದಾಗಿ ಮಾಡುವ ಹಟಮಾರಿ. ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಿರಿ ಎಂದರೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕಿತ್ತು.

ಮೇಲಿನ ಮಹಡಿಯಲ್ಲಿ ಜೀನ್ ಆಂಟಿ ಇದ್ದರು. ಸ್ಕಾಟ್ಲೆಂಡಿನ ಸಣ್ಣ ಊರೊಂದರವರು, ಗಂಡ ಎಂಜಿನಿಯರ್. ಅಮ್ಮನ ನೀರುದೋಸೆಯ ನೆಪದಲ್ಲಿ ಶುರುವಾದ ಸ್ನೇಹ ಅದು. ಅಲ್ಲಿದ್ದ ಕೊನೆಯ ಎರಡು ವರ್ಷಗಳಲ್ಲಿ ಆಂಟಿಯ ಕಣ್ಣು ಪೂರ್ತಿ ಹೋಯಿತು. ಗಂಡ ನಿವೃತ್ತರಾಗಿ ಊರಿಗೆ ಹೊರಡುವ ದಿನ ಗೊತ್ತಾದಾಗ ಅವರು ನಮ್ಮ ಸೋಫಾದಲ್ಲಿ ಕೂತು ಅತ್ತರು. "ಮೂವತ್ತು ವರ್ಷದ ಹಿಂದೆ ಬಿಟ್ಟ ಊರು. ಒಂದು ಬ್ರೆಡ್ ತರಲಿಕ್ಕೂ ಯಾರದಾದರೂ ತೋಳು ಹಿಡಿಯಬೇಕು. ಅದು ನನ್ನಿಂದಾಗದು" ಎಂದರು. ಮರುದಿನ ಅಪ್ಪ ಆಫೀಸಿನಲ್ಲಿ ಉಳಿದ ಹಲಗೆ, ಹಗುರ ಮರದ ತುಂಡುಗಳನ್ನು ಕೇಳಿ ಹೊತ್ತು ತಂದು, "ಮೇಡಂ, ನಿಮ್ಮ ಊರು ಹೇಗುಂಟು ಹೇಳಿ. ನಾನು ಮಾಡ್ತೇನೆ. ಮುಟ್ಟಿ ಮುಟ್ಟಿ ದಾರಿ ಕಲಿಯಿರಿ" ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು.

ಆಂಟಿ ಹೇಳುತ್ತಾ ಹೋದರು. ನಡುವೆ ಚರ್ಚು. ಅದರ ಉತ್ತರಕ್ಕೆ ಬೇಕರಿ, ಅದರಾಚೆ ಅವರ ಮನೆ. ದಕ್ಷಿಣಕ್ಕೆ ಹೊಳೆ, ಕಲ್ಲಿನ ಸೇತುವೆ. ಚರ್ಚಿನ ಬಾಗಿಲೆದುರು ಚೌಕ, ಚೌಕದಲ್ಲಿ ಗಡಿಯಾರದ ಕಂಬ. ನಮ್ಮ ಊಟದ ಟೇಬಲ್ಲಿನ ಮೇಲೆ ಆ ಊರು ಹಬ್ಬಿತು. "ಇನ್ನು ಊಟ ಎಲ್ಲಿ ಮಾಡುವುದು ಮಾರಾಯ್ರೆ? ಸಾರು ಚರ್ಚಿನ ತಲೆಗೆ ಹೊಯ್ಯುವುದಾ?" ಎಂದು ಅಮ್ಮ ದಿನಾ ಗೊಣಗಿದರು. ಮೂರು ವಾರ ನಾವು ನೆಲದ ಮೇಲೆ ಪೇಪರ್ ಹಾಸಿ ಉಂಡೆವು. ಬೆಂಕಿಕಡ್ಡಿ ಕತ್ತರಿಸಿ ಚರ್ಚಿನ ಅಂಗಳದಲ್ಲಿ ಸಮಾಧಿಕಲ್ಲು ನೆಡುವುದು ಹತ್ತು ವರ್ಷದ ನನ್ನ ಕೆಲಸ. "ಒಣಗಿತಾ?" ಎಂದು ಅಪ್ಪ ಕೇಳಿದರೆ "ನಾಟ್ ಯೆಟ್" ಎಂದು ದೊಡ್ಡ ಮೇಸ್ತ್ರಿಯ ಗತ್ತಿನಲ್ಲಿ ಹೇಳುತ್ತಿದ್ದೆ.

ಅವರ ವಿಮಾನಕ್ಕೆ ಆರು ದಿನ ಇರುವಾಗ, ಒಂದು ಶುಕ್ರವಾರ, ಆಂಟಿ ಮೊದಲ ಸಲ ಊರೊಳಗೆ ನಡೆದರು. ಚರ್ಚಿನ ಬಾಗಿಲಿನಿಂದ ಎರಡು ಬೆರಳು ಹೊರಟವು. ಮೂರು ಮೆಟ್ಟಿಲಿಳಿದು ಬಲಕ್ಕೆ ತಿರುಗಿ ಸೀದಾ ಹೊಳೆಗೆ ಜಾರಿದವು. ಇನ್ನೊಮ್ಮೆ ಹೊರಟರು, ಮತ್ತೆ ಹೊಳೆ. "ಬಲಕ್ಕೆ ಬೇಕರಿ ಸಿಗಬೇಕಲ್ಲ, ಬಾಗಿಲು ಯಾವ ದಿಕ್ಕಿಗಿದೆ?" ಎಂದರು. "ಪೂರ್ವಕ್ಕೆ ಮೇಡಂ. ದೇವರ ಮನೆ ಅಲ್ವಾ?" ಎಂದರು ಅಪ್ಪ. ದೇವರ ಬಾಗಿಲು ಬೇರೆ ಕಡೆಗಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಕೇಳಿಯೂ ಇರಲಿಲ್ಲ. ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಚರ್ಚಿನ ಬಾಗಿಲು ಪಶ್ಚಿಮಕ್ಕೆ. "ಇರಲಿ ಬಿಡಿ, ಎಲ್ಲ ಉಲ್ಟಾ ಅಂತ ನೆನಪಿಟ್ಟುಕೊಳ್ತೇನೆ" ಎಂದರು. ಅಪ್ಪ ನಗಲಿಲ್ಲ. "ನೆನಪು ತಪ್ಪಿದ ದಿನ ನಿಜವಾದ ಹೊಳೆಗೆ ಬೀಳ್ತೀರಿ" ಎಂದು ಬ್ಲೇಡ್ ತೆಗೆದುಕೊಂಡರು.

ಚರ್ಚನ್ನಷ್ಟೇ ತಿರುಗಿಸಿದರೆ ಸಾಲದು. ಮೆಟ್ಟಿಲು, ಸಮಾಧಿಗಳ ನಡುವಿನ ದಾರಿ, ಚೌಕ, ಗಡಿಯಾರ ಎಲ್ಲವೂ ಇನ್ನೊಂದು ತುದಿಗೆ ಹೋಗಬೇಕು. ನಾನು ನೆಟ್ಟ ಕಲ್ಲುಗಳನ್ನು ಅಪ್ಪ ಕೀಳುವಾಗ ನನಗೆ ಅಳು ಬಂತು, ಸಿಟ್ಟೂ ಬಂತು. ಅಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಬಂದು, "ಇವತ್ತು ಗಂಜಿ, ಉಪ್ಪಿನಕಾಯಿ ಸಾಕು. ಆ ಬ್ರಶ್ ಇತ್ತ ಕೊಡಿ" ಎಂದರು. ನಾಲ್ಕು ಸಂಜೆಗಳಲ್ಲಿ ಊರು ಮತ್ತೆ ಎದ್ದಿತು. ಉಳಿದ ಎರಡು ದಿನ ಆಂಟಿ ಟೇಬಲ್ ಬಿಟ್ಟು ಏಳಲಿಲ್ಲ. ಬಾಗಿಲು, ಮೂರು ಮೆಟ್ಟಿಲು, ಬಲಕ್ಕೆ, ಬೇಕರಿ, ಮನೆ. ತಪ್ಪಿದರೆ ಮತ್ತೆ ಬಾಗಿಲಿನಿಂದ.

ಅವರು ಹೋಗಿ ಒಂದು ತಿಂಗಳಾದ ಮೇಲೆ ಫೋನ್ ಬಂತು. "ಇವತ್ತು ಚರ್ಚಿನಿಂದ ಒಬ್ಬಳೇ ಹೋದೆ. ಬಲಕ್ಕೆ ತಿರುಗಿದೆ. ಬ್ರೆಡ್ ಇನ್ನೂ ಬಿಸಿಯಿತ್ತು" ಎಂದರಂತೆ. ಅಪ್ಪ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು "ಥ್ಯಾಂಕ್ಯೂ ಮೇಡಂ, ಥ್ಯಾಂಕ್ಯೂ" ಎನ್ನುತ್ತಲೇ ಇದ್ದರು, ಉಪಕಾರ ಮಾಡಿದವರು ಆಂಟಿಯೇ ಎಂಬ ಹಾಗೆ.

ಈಗ ಆಂಟಿಯಿಲ್ಲ, ಅಮ್ಮನಿಲ್ಲ, ಅಪ್ಪ ಹೋಗಿ ಆರು ವರ್ಷವಾಯಿತು. ಅಬುಧಾಬಿ ಬಿಡುವಾಗ ಮಾಡೆಲನ್ನು ನಾವು ಆ ಮನೆಯಲ್ಲೇ ಬಿಟ್ಟು ಬಂದಿದ್ದೆವು. ಆಮೇಲೆ ಆ ಕಟ್ಟಡವನ್ನೂ ಕೆಡವಿದರು. ಅಪ್ಪ ತುಂಬಾ ನೆನಪಾಗುತ್ತಾರೆ. ಒಮ್ಮೆ ಆಂಟಿಯ ಊರನ್ನಾದರೂ ನೋಡಿಕೊಂಡು ಬಾ ಎಂದು ನನ್ನ ಗಂಡ ಆಗಾಗ ಹೇಳುತ್ತಾರೆ. ಹೋಗಬಹುದು, ಕಷ್ಟವೇನಿಲ್ಲ. ಆದರೆ ಅಲ್ಲಿರುವ ಚರ್ಚನ್ನು ಕಟ್ಟಿದ್ದು ನನ್ನ ಅಪ್ಪ ಅಲ್ಲ.