ಗಾಲಿಕುರ್ಚಿಯ ಅಗಲ ಕೇಳಿದವರು

ನನ್ನ ಗಾಲಿಕುರ್ಚಿ ಎಷ್ಟು ಅಗಲವಿದೆ ಎಂದು ಅಪರಿಚಿತ ಗಂಡಸೊಬ್ಬರು ಫೋನಿನಲ್ಲಿ ಕೇಳಿದಾಗ, ನಾನು ಕಲ್ಲೋಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಜಂಪರಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದೆ. ಚಿಕ್ಕಂದಿನಿಂದಲೂ ನನ್ನ ಎರಡೂ ಕಾಲಿಗೆ ಶಕ್ತಿಯಿಲ್ಲ. ಹೊಲಿಗೆಯೇ ನನ್ನ ಉದ್ಯೋಗ.

"ಸಂಕೇಶ್ವರದಿಂದ ಮಾತಾಡಾಕತ್ತೇನ್ರಿ ಅಕ್ಕಾರ. ನಂದೊಂದು ಟೆಂಪೊ ಐತಿ. ನಡಿಯಾಕ ಬರದವ್ರನ್ನ ಗೋಕಾಕ ಫಾಲ್ಸಿಗೆ ಕರಕೊಂಡ ಹೋಗಬೇಕಂತ ಮಾಡೇನಿ. ಬರ್ತೀರೇನು?"

"ಎಷ್ಟ ತಗೋತೀರಿ?"

"ಈ ಸಲ ಏನೂ ಬ್ಯಾಡ್ರಿ."

ಅಲ್ಲಿಗೇ ನನಗೆ ಅನುಮಾನ ಬಂತು. ಅವರು ಕೇಳುತ್ತಲೇ ಹೋದರು. ಕುರ್ಚಿ ಮಡಚಲು ಬರುತ್ತದೆಯೇ, ನನ್ನ ತೂಕ ಎಷ್ಟು, ಜೊತೆಗೆ ಯಾರಿರುತ್ತಾರೆ, ಎಷ್ಟು ಹೊತ್ತಿಗೊಮ್ಮೆ ಸಂಡಾಸಿಗೆ ಹೋಗಬೇಕಾಗುತ್ತದೆ. ಕೊನೆಯ ಪ್ರಶ್ನೆಗೆ ಫೋನ್ ಕಟ್ ಮಾಡಿದೆ.

ಪುಕ್ಕಟೆ ಎಂಬ ಮಾತಿಗೆ ನಾನು ಹೆದರುವುದಕ್ಕೆ ಕಾರಣವಿತ್ತು. ಹಿಂದೊಮ್ಮೆ ಮೂಡಲಗಿಯ ಒಂದು ಸಮಾರಂಭದಲ್ಲಿ ನನ್ನನ್ನು ಹೊಸ ಗಾಲಿಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಫೋಟೊ ತೆಗೆದಿದ್ದರು. ಜನ ಎದ್ದು ಹೋದ ಮೇಲೆ "ಇದು ತೋರಿಸಾಕ ತಂದದ್ದ್ರಿ" ಎಂದು ಅದರಿಂದಲೇ ಇಳಿಸಿದರು. ಹಾರ ಮಾತ್ರ ಮನೆಗೆ ಬಂತು.

ನನ್ನ ನಂಬರು ಕೊಟ್ಟವರು ಯಾರೆಂದು ನಮ್ಮ ಅಣ್ಣನ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಪತ್ತೆ ಹಚ್ಚಿದರು. ನನ್ನ ಕುರ್ಚಿ ರಿಪೇರಿ ಮಾಡುವ ಸೈಕಲ್ ಅಂಗಡಿಯವರು ಕೊಟ್ಟಿದ್ದರಂತೆ. "ಹೋಗೂಣ ನಡಿ. ನಾ ಜೋಡಿ ಇರ್ತೇನಿ. ಏನರ ಎಡವಟ್ಟ ಮಾಡಿದ್ರ ಅಲ್ಲೇ ನೋಡ್ಕೊಂತೇನಿ" ಎಂದು ವೈನಿ ತಾವೇ ಆ ನಂಬರಿಗೆ ತಿರುಗಿ ಫೋನ್ ಮಾಡಿ ಬರಹೇಳಿದರು.

ಶನಿವಾರ ಬೆಳಿಗ್ಗೆ ಟೆಂಪೊ ಬಂತು. ಫೋನಿನಲ್ಲಿ ಅಷ್ಟೆಲ್ಲ ಕೇಳಿದವರೇ ಓಡಿಸಿಕೊಂಡು ಬಂದಿದ್ದರು; ಐವತ್ತರ ಆಸುಪಾಸಿನ, ಎದುರಿಗೆ ಮಾತು ಕಡಿಮೆಯ ಮನುಷ್ಯ. ಎರಡು ಕಬ್ಬಿಣದ ಹಲಗೆ ಇಳಿಬಿಟ್ಟು, ಕುರ್ಚಿಯನ್ನು ಮೇಲೆ ತಳ್ಳಿ, ಬೆಲ್ಟಿನಿಂದ ಬಿಗಿದರು. ಗೋಕಾಕ ಇನ್ನೂ ಮುಂದಿರುವಾಗಲೇ ಒಂದು ಹೋಟೆಲಿನ ಹಿಂದೆ ಗಾಡಿ ನಿಲ್ಲಿಸಿ, ಏನೂ ಹೇಳದೆ ಇಳಿದು ಹೋದರು. ಹತ್ತು ನಿಮಿಷವಾದರೂ ಬರಲಿಲ್ಲ.

"ಯಾರನ್ನರ ಕರಿಯಾಕ ಹೋದನೇನು?" ಎಂದು ವೈನಿ ಪಿಸುಗುಟ್ಟಿ, ಅಣ್ಣನ ನಂಬರು ತೆಗೆದು ಹಿಡಿದು ಕುಳಿತರು. ಬೆಲ್ಟು ಬಿಚ್ಚಿದರೂ ನಾನು ಓಡಿಹೋಗುವ ಹಾಗಿರಲಿಲ್ಲ.

ಅವರು ಅಳತೆ ಟೇಪು ಹಿಡಿದು ಮರಳಿದರು. "ಸಂಡಾಸದ ಬಾಗಿಲಾ ಸಣ್ಣದೈತ್ರಿ. ಕುರ್ಚಿ ಒಳಗ ಹೋಗೂದಿಲ್ಲ. ಮುಂದ ಇನ್ನೊಂದು ಕಡೆ ನೋಡೂಣು."

ಫೋನ್ ಕಟ್ ಮಾಡಿದ್ದು ನೆನಪಾಗಿ ಮುಖ ಬಿಸಿಯಾಯಿತು. ಆದರೆ ಅನುಮಾನ ಹೋಗಲಿಲ್ಲ, ಇನ್ನೂ ಬೆಳೆಯಿತು. ಗುರುತು ಪರಿಚಯ ಇಲ್ಲದವಳಿಗಾಗಿ ಒಬ್ಬ ಮನುಷ್ಯ ಇಷ್ಟು ಕಷ್ಟ ಯಾಕೆ ಪಡಬೇಕು?

ಫಾಲ್ಸಿನ ಹತ್ತಿರ ಇಳಿದ ಕೂಡಲೇ ಅವರು ಮೊಬೈಲು ಹೊರತೆಗೆದರು. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. "ಫೋಟೊ ಬ್ಯಾಡ."

"ಫೋಟೊ ಅಲ್ರಿ, ಬರಕೊಳ್ಳಾಕ. ಇಲ್ಲಿಂದ ಏನ್ ಕಾಣತೈತಿ ಹೇಳ್ರಿ."

"ಚಲೋ ಐತಿ" ಎಂದೆ. ಇಂಥವರಿಗೆ ಹಾಗೆ ಹೇಳಿಯೇ ನನಗೆ ರೂಢಿ.

ಅವರು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿದರು. "ಎಲ್ಲಿ ಚಲೋ ಐತ್ರಿ? ಬರೇ ಕಬ್ಬಿಣದ ಸರಳ ಕಾಣಾಕತ್ತೈತಿ!"

ಮಾತು ನಿಜವಾಗಿತ್ತು. ಕುರ್ಚಿಯನ್ನು ಅಷ್ಟಷ್ಟೇ ಮುಂದೆ ತಳ್ಳುತ್ತ, ತಡೆಬೇಲಿಯ ಸರಳು ಕಣ್ಣಿಗೆ ಅಡ್ಡ ಬರದ ಜಾಗ ಹುಡುಕಿದರು. ಅಲ್ಲಿ ಘಟಪ್ರಭೆ ಕೆಮ್ಮಣ್ಣಿನ ಬಣ್ಣ ಹೊತ್ತು ಒಮ್ಮೆಲೇ ಕೆಳಗೆ ಬೀಳುತ್ತಿತ್ತು. ಸದ್ದು ಕುರ್ಚಿಯ ಹಿಡಿಕೆಯಲ್ಲಿ ನಡುಗುತ್ತಿತ್ತು. ಇಷ್ಟು ಹತ್ತಿರದ ಊರಿನಲ್ಲಿದ್ದೂ ನಾನದನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ವೈನಿ ಕಣ್ಣೊರೆಸಿಕೊಂಡು, ನೀರಿನ ತುಂತುರು ಎಂದರು.

ಆಗ ಕೇಳಿಯೇಬಿಟ್ಟೆ. "ಖರೆ ಹೇಳ್ರಿ, ಇದೆಲ್ಲಾ ಯಾಕ ಮಾಡಾಕತ್ತೀರಿ?"

"ದಂಧಾ ಮಾಡಾಕ್ರಿ. ಮದುವಿ ಬಾಡಿಗಿ ಎಲ್ಲಾರೂ ಹೊಡಿತಾರ. ಕುರ್ಚ್ಯಾಗ ಕುಂತವರನ್ನ ಯಾರೂ ಕರಕೊಂಡ ಹೋಗೂದಿಲ್ಲ. ಮೊದ್ಲ ಎಲ್ಲೆಲ್ಲಿ ತ್ರಾಸ ಆಗತೈತಿ ತಿಳೀಬೇಕಲ್ರಿ? ಮುಂದಿನ ಸಲದಿಂದ ನಿಮ್ಮ ಹತ್ರಾನೂ ರೊಕ್ಕ ತಗೋತೇನಿ."

ನನ್ನ ಎದೆ ಹಗುರಾಯಿತು. ಈವರೆಗೆ ನನಗೆ ಪುಣ್ಯಕ್ಕಾಗಿ ಕೊಟ್ಟವರು, ಫೋಟೊಗಾಗಿ ಕೊಟ್ಟವರು ಸಿಕ್ಕಿದ್ದರು. ನನ್ನನ್ನು ಗಿರಾಕಿ ಎಂದು ಎಣಿಸಿದವರು ಇವರೇ ಮೊದಲು. ಗಿರಾಕಿಯಾದ ಮೇಲೆ ಸುಮ್ಮನಿರಲಾದೀತೇ? ಹಲಗೆ ತೀರಾ ಇಳಿಜಾರು, ಬೆಲ್ಟು ಕಂಕುಳ ಒತ್ತುತ್ತದೆ, ಕಿಟಕಿ ಎತ್ತರದಲ್ಲಿದೆ ಎಂದು ದಾರಿಯುದ್ದಕ್ಕೂ ತಕರಾರು ಹೇಳಿದೆ. ಅವರು ಗಾಡಿ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡರು.

ಎರಡು ತಿಂಗಳ ಬಳಿಕ ನಾನೇ ಫೋನ್ ಮಾಡಿ, ಹುಕ್ಕೇರಿ ಕಡೆಯ ಒಂದು ಗುಡ್ಡದ ಗುಡಿಗೆ ಹೋಗಬೇಕೆಂದೆ.

"ಅಲ್ಲಿ ಬ್ಯಾಡ್ರಿ ಅಕ್ಕಾರ. ಏರ ಭಾಳ ಐತಿ. ನನ್ನ ಕೈಲೆ ಕುರ್ಚಿ ತಡಿಯಾಕ ಆಗೂದಿಲ್ಲ."

ಬಾಡಿಗೆ ಬೇಡ ಎನ್ನುವ ಡ್ರೈವರನ್ನು ನಾನು ಕಂಡಿರಲಿಲ್ಲ. ಬೇರೆ ದೊಡ್ಡ ಬಾಡಿಗೆ ಸಿಕ್ಕಿರಬೇಕು, ಅದಕ್ಕೇ ನೆಪ ಎಂದುಕೊಂಡೆ. ಹುಕ್ಕೇರಿಯಲ್ಲಿ ತವರುಮನೆಯಿರುವ ನನ್ನ ಹೊಲಿಗೆಯ ಗಿರಾಕಿಯೊಬ್ಬರಿಗೆ ಹೋಗಿ ನೋಡಿಬರಲು ಹೇಳಿದೆ. ಅವರು ಏದುಸಿರು ಬಿಡುತ್ತಲೇ ಅಲ್ಲಿಂದ ಫೋನ್ ಮಾಡಿ, "ನನಗ ಹತ್ತಾಕಾಗವಲ್ದು, ನೀ ಹೆಂಗ ಬರ್ತಿ?" ಎಂದರು.

ಮರುದಿನ ಟೆಂಪೊದವರಿಗೆ ಮತ್ತೆ ಫೋನ್ ಮಾಡಿ, ನಿಡಸೋಸಿ ಮಠಕ್ಕಾದರೂ ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದರು. ವೈನಿ ನನ್ನ ಕೈಯಿಂದ ಫೋನ್ ಕಸಿದು ಬಾಡಿಗೆಗೆ ಚೌಕಾಸಿ ಶುರುಮಾಡಿದರು. ಅವರೂ ಬಿಟ್ಟುಕೊಡಲಿಲ್ಲ. ನಾನು ಜಂಪರು ಎತ್ತಿಕೊಂಡು ಹುಕ್ಕು ಹಚ್ಚತೊಡಗಿದೆ.